ಎರಡು ಬನ್ನಿಗಳ ನಡುವಿನ ದಿನ

ನಮ್ಮ ಭಾಗದ ರಾಜಕೀಯ ಇತಿಹಾಸದ ಬಗ್ಗೆ ಮಾತಾಡಿ ಎಂದು ಕರೆಯುವವರು ನನ್ನಿಂದ ಕೋಟೆಗಳನ್ನು ನಿರೀಕ್ಷಿಸುತ್ತಾರೆ. ನರಗುಂದದ ಗುಡ್ಡ, ಗಜೇಂದ್ರಗಡದ ಬೆಟ್ಟದ ಮೇಲಿನ ಗೋಡೆ, ಸಂಸ್ಥಾನದ ಬಂಡಾಯ, ಕಾಲುವೆ ಬಂದ ಮೇಲೆ ಎದ್ದ ರೈತರ ಸಿಟ್ಟು, ತೀರ ಇತ್ತೀಚೆಗೆ ರೋಣ ತಾಲ್ಲೂಕನ್ನು ಒಡೆದು ಗಜೇಂದ್ರಗಡವನ್ನು ಬೇರೆ ಮಾಡಿದ್ದು. ಇವೆಲ್ಲ ಪುಸ್ತಕಗಳಲ್ಲಿ ಸಿಗುತ್ತವೆ. ಧಾರವಾಡದಲ್ಲಿ ರಾಜ್ಯಶಾಸ್ತ್ರ ಓದುವಾಗ ನಾನೂ ಅವನ್ನು ಓದಿದ್ದೇನೆ, ಮುಂದೆ ಪಾಠವನ್ನೂ ಮಾಡಿದ್ದೇನೆ. ಆದರೆ ಪಾಠ ಮಾಡುವಾಗ ಹುಡುಗರು ತೂಕಡಿಸತೊಡಗಿದರೆ ನಾನು ಕೋಟೆ ಬಿಟ್ಟು ನಮ್ಮ ದೊಡ್ಡವ್ವನ ಕಥೆಗೆ ಬರುತ್ತಿದ್ದೆ. ಅಪ್ಪನ ಅಣ್ಣನ ಹೆಂಡತಿ. ನಮ್ಮ ಗ್ರಾಮ ಪಂಚಾಯತಿಯ ಅಧ್ಯಕ್ಷೆಯಾಗಿದ್ದವಳು. ಅವಳು ಕುರ್ಚಿ ಬಿಟ್ಟುಕೊಟ್ಟ ದಿನ ನಾನು ಕಂಡ ಆಡಳಿತವನ್ನು ಅದಕ್ಕಿಂತ ಮೊದಲೂ ಆಮೇಲೂ ಎಲ್ಲಿಯೂ ಕಂಡಿಲ್ಲ ಎಂದು ಹೇಳುತ್ತಿದ್ದೆ.

ತೊಂದರೆ ಎಂದರೆ, ಆ ದಿನ ನಾನು ಅಲ್ಲಿದ್ದೆನೇ ಎಂಬುದು ಈಗ ನನಗೆ ಖಚಿತವಿಲ್ಲ.

ಮೊದಲು ಊರಿನ ವಿಷಯ ಹೇಳಬೇಕು. ಬೆಳವಣಕಿಯ ರಸ್ತೆಯಿಂದ ಒಳಕ್ಕೆ ಹೋದರೆ ಎರೆಹೊಲಗಳ ನಡುವೆ ಒಂದು ಹಳ್ಳ, ಹಳ್ಳದ ಈಚೆ ನಮ್ಮೂರು, ಆಚೆ ಇನ್ನೊಂದು ಸಣ್ಣ ಊರು. ಎರಡೂ ಸೇರಿ ಒಂದೇ ಪಂಚಾಯತಿ. ಕಚೇರಿ ನಮ್ಮೂರಲ್ಲಿ. ಸದಸ್ಯರೂ ನಮ್ಮೂರಿನವರೇ ಹೆಚ್ಚು. ಹಾಗಾಗಿ ಅಧ್ಯಕ್ಷರ ಕುರ್ಚಿ ಹಳ್ಳ ದಾಟಿದ್ದೇ ಇಲ್ಲ. ಆ ಸಲ ಕುರ್ಚಿ ಮಹಿಳೆಗೆ ಮೀಸಲಾಯಿತು. ನಮ್ಮೂರಿನ ಸದಸ್ಯರೇ ಎರಡು ಗುಂಪಾಗಿ ಒಡೆದಿದ್ದರು, ಗೆಲ್ಲಲು ಯಾರಿಗಾದರೂ ಹಳ್ಳದಾಚೆಯವರ ಕೈ ಬೇಕಿತ್ತು. ಆಚೆಯವರು ಕೈ ಕೊಟ್ಟರು, ಒಂದು ಷರತ್ತಿನ ಮೇಲೆ: ಅರ್ಧ ಅವಧಿ ನಮ್ಮ ದೊಡ್ಡವ್ವ, ಉಳಿದರ್ಧ ಅವರ ಕಡೆಯಿಂದ ಸದಸ್ಯೆಯಾಗಿದ್ದ ಒಬ್ಬ ಸೊಸೆ. ಹೈಸ್ಕೂಲು ಮುಗಿಸಿದ್ದ, ಸೂಡಿಯಿಂದ ಮದುವೆಯಾಗಿ ಬಂದಿದ್ದ, ಇನ್ನೂ ಮೂವತ್ತು ತುಂಬಿರದ ಹೆಂಗಸು ಅವಳು.

ಇಂಥ ಒಪ್ಪಂದವನ್ನು ಕಾಗದದ ಮೇಲೆ ಬರೆಯಲಾಗದು, ಏಕೆಂದರೆ ಕಾನೂನಿಗೆ ಅರ್ಧ ಅಧ್ಯಕ್ಷತೆ ಗೊತ್ತಿಲ್ಲ. ಎರಡೂ ಊರಿನ ಹಿರಿಯರು ಹಣಮಪ್ಪನ ಗುಡಿಯಲ್ಲಿ ಕೂತು ಬಾಯಿಮಾತಿನಲ್ಲಿ ಮುಗಿಸಿದರು. ಯಾವಾಗ ಬಿಟ್ಟುಕೊಡಬೇಕು ಎಂಬ ಪ್ರಶ್ನೆ ಬಂದಾಗ ಯಾರೂ ತಾರೀಕು ಹೇಳಲಿಲ್ಲ. ಬರುವ ವರ್ಷದ ದಸರೆಯಲ್ಲಿ ಬನ್ನಿ ಕೊಡುವ ದಿನ ಕುರ್ಚಿಯನ್ನೂ ಕೊಡುವುದು ಎಂದರು. ನಮ್ಮ ಕಡೆ ಬನ್ನಿ ಎಂದರೆ ವರ್ಷದ ಸಿಟ್ಟು ಮುಗಿಸುವ ದಿನ. ಪಲ್ಲಕ್ಕಿ ಊರ ಗಡಿಯ ಬನ್ನಿ ಗಿಡಕ್ಕೆ ಹೋಗಿ ಬಂದ ಮೇಲೆ ಎಲೆಯನ್ನು ಕೈಯಿಂದ ಕೈಗೆ ಕೊಟ್ಟು, ಬಂಗಾರದಂಗ ಇರೂಣು ಎನ್ನುತ್ತಾರೆ. ಮಾತು ಬಿಟ್ಟವರೂ ಅವತ್ತು ಮಾತಾಡುತ್ತಾರೆ. ಅಂಥ ದಿನ ಮಾತು ತಪ್ಪುವ ಧೈರ್ಯ ಯಾರಿಗೂ ಆಗದು ಎಂಬುದು ಹಿರಿಯರ ಎಣಿಕೆ. ಆದರೆ ನಮ್ಮ ಈ ಎರಡು ಊರಿನವರು ಮಾತ್ರ ಮಾಡಬಹುದಾದ ಒಂದು ತಪ್ಪನ್ನು ಅವರು ಮಾಡಿದ್ದರು. ಅದು ಬಯಲಿಗೆ ಬಂದದ್ದು ಮರುವರ್ಷ.

ದೊಡ್ಡವ್ವನಿಗೆ ಕುರ್ಚಿ ಬಹಳ ಇಷ್ಟವಾಗಿತ್ತು. ಇದನ್ನು ಮುಚ್ಚಿಟ್ಟು ಅವಳನ್ನು ಹೊಗಳಿದರೆ ಅವಳಿಗೇ ಸಿಟ್ಟು ಬಂದೀತು. ಅವಳು ಗಟ್ಟಿ ದನಿಯ, ಜಮೀನುದಾರರ ಮನೆಯ, ಯಾರಿಗೂ ಬಾಗದ ಹೆಂಗಸು. ಪಂಚಾಯತಿಗೆ ಹೋಗುವಾಗ ಇಳಕಲ್ಲ ಸೀರೆಯನ್ನೇ ಉಟ್ಟು ಹೋಗುತ್ತಿದ್ದಳು. ಹೆಂಡತಿ ಸಹಿ ಮಾಡುತ್ತಾಳೆ, ಕಾರಭಾರ ತಾನು ಮಾಡುತ್ತೇನೆ ಎಂದು ದೊಡ್ಡಪ್ಪ ತಿಳಿದಿದ್ದ. ಮೊದಲ ಸಭೆಗೆ ಬಂದವನು ಅವಳ ಪಕ್ಕವೇ ಕೂರಲು ಹೋದ.

"ಮನ್ಯಾಗ ನೀವು ಹೇಳಿದಂಗ ಕೇಳ್ತೀನಿ," ಎಂದಳಂತೆ ಎಲ್ಲರೆದುರು. "ಇಲ್ಲೆ ಮೆಂಬರ್ ಅಲ್ಲದವ್ರು ಹೊರಗ ಕೂಡ್ರಬೇಕು. ಚಾ ಹೊರಗ ಕಳಸ್ತೀನಿ, ಹೋಗ್ರಿ."

ದೊಡ್ಡಪ್ಪ ಹೊರಗೆ ಬಂದ. ಆದರೆ ಮನೆಗೆ ಹೋಗಲಿಲ್ಲ. ಪಂಚಾಯತಿಯ ಪ್ಲಾಸ್ಟಿಕ್ ಕುರ್ಚಿ ತನ್ನ ಯೋಗ್ಯತೆಗೆ ಸಾಲದೆಂದು ಮನೆಯಿಂದ ತನ್ನ ಕೈಯಿರುವ ಸಾಗವಾನಿ ಕುರ್ಚಿ ತರಿಸಿ, ಕಚೇರಿಯ ಪಡಸಾಲೆಯಲ್ಲಿ ಹಾಕಿಸಿಕೊಂಡ. ಅಲ್ಲಿಂದಾಚೆ ಒಳಗೆ ಹೆಂಡತಿ, ಹೊರಗೆ ಗಂಡ. ಬಿಸಿ ಚಹಾದ ಲೋಟವನ್ನು ಯಾವಾಗಲೂ ಬಲಗೈಯ ಹಲಗೆಯ ಮೇಲಿಟ್ಟು ಇಟ್ಟು ಅಲ್ಲೊಂದು ಬಿಳಿಯ ಉಂಗುರ ಬಿದ್ದಿತ್ತು. ಆ ಕುರ್ಚಿಯನ್ನು ನೆನಪಿಡಬೇಕು.

ಅವಳಿಗಿದ್ದ ಆಸೆ ಒಂದೇ: ಊರ ಕೆರೆಗೆ ಕಾಲುವೆಯ ನೀರು. ನಮ್ಮ ನೆಲದ ಬಾವಿಗಳದು ಸವುಳು ನೀರು, ಬೇಳೆ ಬೇಯುವುದಿಲ್ಲ. ನರಗುಂದದ ಕಡೆ ಕಾಲುವೆ ತುಂಬಿ ಹರಿದರೂ ನಮ್ಮದು ಕಾಲುವೆಯ ಬಾಲ. ಕೆರೆ ಇತ್ತು, ಅದಕ್ಕೆ ಮಳೆಯನ್ನು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಮದುವೆಯಾಗಿ ಬಂದ ವರ್ಷದಿಂದ ಸಿಹಿನೀರಿಗಾಗಿ ಹೊಲಗಳಾಚೆ ಕೊಡ ಹೊತ್ತವಳು ದೊಡ್ಡವ್ವ. ಕಾಲುವೆಯ ಕವಲಿನಿಂದ ಕೆರೆಗೆ ಕೊಳವೆ ಹಾಕಿಸಬೇಕು, ದಂಡೆಯ ಮೇಲೆ ಕಲ್ಲು ನಿಲ್ಲಿಸಬೇಕು, ಕಲ್ಲಿನ ಮೇಲೆ ತನ್ನ ಹೆಸರಿರಬೇಕು. ಮೂರನ್ನೂ ಬಾಯಿಬಿಟ್ಟೇ ಹೇಳುತ್ತಿದ್ದಳು. ಗದಗ, ರೋಣ, ನರಗುಂದದ ಕಚೇರಿಗಳನ್ನು ಸುತ್ತಿ ಸುತ್ತಿ ಕೊನೆಗೆ ಒಬ್ಬ ಇಂಜಿನಿಯರು ಜಾಗ ನೋಡಲು ಬರುತ್ತೇನೆ ಎಂದು ಒಪ್ಪಿದ. ದಸರೆಯ ಸೂಟಿ ಮುಗಿದ ಮರುದಿನ ಬೆಳಿಗ್ಗೆ.

ಆ ವರ್ಷ ಪಂಚಾಂಗಗಳು ಬೇರೆಯಾದವು. ನಮ್ಮೂರಿನ ಮಠದವರು ನೋಡುವುದು ಒಂದು ಪಂಚಾಂಗ, ಹಳ್ಳದಾಚೆಯ ಪೂಜಾರಿ ನೋಡುವುದು ಇನ್ನೊಂದು. ತಿಥಿ ಸರಿದ ವರ್ಷ ಅವರ ಬನ್ನಿ ಇವತ್ತಾದರೆ ನಮ್ಮದು ನಾಳೆ. ಬಂಧುಗಳು ಎರಡೂ ಕಡೆ ಉಂಡು ಖುಷಿಪಡುತ್ತಿದ್ದರೇ ಹೊರತು ಅದನ್ನು ಯಾರೂ ದೊಡ್ಡದು ಮಾಡಿರಲಿಲ್ಲ. ಗುಡಿಯಲ್ಲಿ ಮಾತಾಡಿದ ಹಿರಿಯರು ಬನ್ನಿಯ ದಿನ ಎಂದಿದ್ದರು. ಯಾವ ಊರಿನ ಬನ್ನಿ ಎಂದು ಹೇಳಿರಲಿಲ್ಲ.

ಸರ್ಕಾರಿ ಸೂಟಿಯ ದಿನ ಹೊತ್ತು ಇಳಿಯುವ ಮುಂಚೆ ಆಚೆಯವರು ಬನ್ನಿ ಹಿಡಿದು ಹಳ್ಳ ದಾಟಿ ಬಂದೇಬಿಟ್ಟರು. ಆ ಸೊಸೆ ಬಂದಿರಲಿಲ್ಲ. ಅವಳ ಮಾವ ಮತ್ತು ಊರ ಹಿರಿಯರು ಬಂದಿದ್ದರು. ದೊಡ್ಡವ್ವನ ಮನೆಯ ಕಟ್ಟೆಯ ಮೇಲೆ ನಮ್ಮ ಗುಂಪಿನವರೂ ಕೂತಿದ್ದರು.

"ಇವತ್ತ ನಮ್ಮೂರ ಬನ್ನಿ ಐತ್ರಿ. ಮಾತಿನಂಗ ಬಂದೀವಿ," ಎಂದ ಆ ಮಾವ.

"ನಿಮ್ಮೂರದು ಇವತ್ತ, ನಮ್ಮದು ನಾಳಿ," ಎಂದರು ನಮ್ಮವರು. "ಒಂದ ದಿನದಾಗ ಏನ್ ಹಾರಿ ಹೊಂಟೈತ್ರಿ?"

"ಒಂದ ದಿನದಾಗ ಏನೂ ಹಾರಿ ಹೋಗಂಗಿಲ್ಲ ಅಂದ್ರ ಇವತ್ತ ಬಿಡ್ರಲಾ ಮತ್ತ."

"ನಿಮ್ಮ ಪೂಜಾರಿ ಪಂಚಾಂಗ ತಲಿಕೆಳಗ ಹಿಡದು ನೋಡ್ಯಾನೇನು?"

"ತಲಿಕೆಳಗರ ಹಿಡೀಲಿ, ಅಡ್ಡರ ಹಿಡೀಲಿ. ಸರಕಾರದ ಸೂಟಿ ಇವತ್ತ ಐತಿ. ಸರಕಾರನೂ ನಮ್ಮ ಪೂಜಾರಿ ಕಡೆ ಐತಿ ನೋಡ್ರಿ."

ನಗು ಎದ್ದಿತು, ಆದರೆ ಅದು ಒಳ್ಳೆಯ ನಗುವಾಗಿರಲಿಲ್ಲ. ಇಂಜಿನಿಯರು ನಾಳೆ ಬರುವುದು ಎಲ್ಲರಿಗೂ ಗೊತ್ತಿತ್ತು. ನಾಳೆ ಕುರ್ಚಿಯಲ್ಲಿ ಇದ್ದವರದೇ ಕೆರೆ. ನಮ್ಮ ಗುಂಪಿನ ಮುಖಂಡ ದೊಡ್ಡವ್ವನನ್ನು ಒಳಗೆ ಕರೆದು ಹೇಳಿದ: ಬಾಯಿಮಾತಿಗೆ ಕಾನೂನಿನಲ್ಲಿ ಬೆಲೆಯಿಲ್ಲ, ಯಾರೂ ನಿನ್ನನ್ನು ಎಬ್ಬಿಸಲಾರರು, ನಾಳೆಯೊಂದೇ ಅಲ್ಲ, ಪೂರ್ತಿ ಅವಧಿ ಕೂಡು. ಕಾನೂನಿನ ಮಟ್ಟಿಗೆ ಅವನು ಹೇಳಿದ್ದು ಸರಿ. ನನ್ನನ್ನು ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಕೇಳಿದಳೋ ಇಲ್ಲವೋ, ನೆನಪಿಲ್ಲ.

ದೊಡ್ಡವ್ವ ಹೊರಗೆ ಬಂದಳು. ಆಚೆಯವರು ಚಾಚಿದ ಬನ್ನಿಯನ್ನು ಮುಟ್ಟಲಿಲ್ಲ.

"ನಮ್ಮ ಪಲ್ಲಕ್ಕಿ ಗಡಿಗೆ ಹೋಗಿಲ್ಲ. ಈ ಊರಾಗ ನಿಂತು ನಾ ಇವತ್ತ ಬನ್ನಿ ತಗೋಳಂಗಿಲ್ಲ," ಎಂದಳು. ನಮ್ಮವರ ಮುಖ ಅರಳಿತು. ಆಚೆಯ ಮಾವ ಎದ್ದು ನಿಂತ.

"ಎದ್ರಿ? ನಿಲ್ರಿ, ನಾನೂ ಬರ್ತೀನಿ," ಎಂದಳು ದೊಡ್ಡವ್ವ. "ನಿಮ್ಮೂರಾಗ ಬನ್ನಿ ಇವತ್ತ ಐತೆಲ್ಲ, ಅಲ್ಲೇ ಬಂದು ತಗೋತೀನಿ. ಅಲ್ಲೆ ತಗೊಂಡ್ರ ನಮ್ಮ ಹಣಮಪ್ಪಗ ಏನ್ ಸಿಟ್ಟು?"

ಹಾಗೆ ಅವಳು ಹಳ್ಳ ದಾಟಿದಳು. ನನ್ನ ಕಣ್ಣಿಗೆ ಈಗಲೂ ಕಟ್ಟಿದಂತಿದೆ: ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಒಂದು ಕೈಯಲ್ಲಿ ಸೆರಗು, ಇನ್ನೊಂದು ಕೈಯಲ್ಲಿ ಕಂಬಿ ಹಿಡಿದು ನಿಂತ ದೊಡ್ಡವ್ವ, ಹಿಂದೆ ನಡೆದು ಬರುತ್ತಿರುವ ಎರಡೂ ಊರಿನ ಜನ. ಆಚೆಯ ಊರಿನ ಅಂಗಳದಲ್ಲಿ ಆ ಸೊಸೆ ಗಾಬರಿಯಿಂದ ತಲೆಯ ಮೇಲೆ ಸೆರಗು ಎಳೆದುಕೊಂಡು ಬನ್ನಿ ಕೊಟ್ಟಳು. ದೊಡ್ಡವ್ವ ತಗೊಂಡಳು, ತಿರುಗಿ ಕೊಟ್ಟಳು. ಬಂಗಾರದ ಮಾತಾಯಿತು. ಆಮೇಲೆ ಅವಳ ಗದ್ದ ಹಿಡಿದು ಹೇಳಿದಳು:

"ನಾಳಿ ಮುಂಜಾನಿ ಲಗೂ ಬಾ. ಇಂಜಿನಿಯರ್ ಬರ್ತಾನ. ಚಲೋ ಸೀರಿ ಉಟಗೊಂಡ ಬಾ, ಅಳೂ ಮಾರಿ ಮಾಡಬ್ಯಾಡ."

ಮರುದಿನವೇ ನಾನು ಪಾಠದಲ್ಲಿ ಹೇಳುತ್ತಿದ್ದ ದಿನ. ಅವರ ಬನ್ನಿ ಆಗಿಹೋಗಿತ್ತು, ನಮ್ಮದು ಸಂಜೆಗೆ. ಕಾನೂನಿನ ಪ್ರಕಾರ ದೊಡ್ಡವ್ವ ಅಧ್ಯಕ್ಷೆ, ಮಾತಿನ ಪ್ರಕಾರ ಆ ಸೊಸೆ. ಬೆಳಿಗ್ಗೆ ಕಚೇರಿಗೆ ಬಂದ ಅವಳು ಎಲ್ಲಿ ಕೂರಬೇಕೆಂದು ತಿಳಿಯದೆ ಬಾಗಿಲಲ್ಲಿ ನಿಂತಳು. ದೊಡ್ಡವ್ವ ಸುತ್ತ ನೋಡಿದಳು. ಪ್ಲಾಸ್ಟಿಕ್ ಕುರ್ಚಿಗಳು ಅವಳಿಗೂ ಹಿಡಿಸಲಿಲ್ಲವೇನೋ. ಪಡಸಾಲೆಯ ಕಡೆ ಬೊಟ್ಟು ಮಾಡಿ ಕಚೇರಿಯ ಸಿಪಾಯಿಗೆ ಹೇಳಿದಳು:

"ಆ ಸಾಗವಾನಿ ಕುರ್ಚಿ ಒಳಗ ತಗೊಂಬಾ."

"ಅದರಾಗ ಯಜಮಾನ್ರು ಕುಂತಾರ್ರಿ."

"ಎಬ್ಬಿಸಿ ತಗೊಂಬಾ."

ಗಂಡ ಒಳಗೆ ತರಲಾಗದ ಕುರ್ಚಿ ಹೀಗೆ ಒಳಗೆ ಬಂತು. ದೊಡ್ಡಪ್ಪ ಬೇವಿನ ಗಿಡದ ಕೆಳಗೆ ನಿಂತೇ ಮಧ್ಯಾಹ್ನ ಕಳೆದ. ಮೇಜಿನ ಹಿಂದೆ ಎರಡು ಕುರ್ಚಿ ಅಕ್ಕಪಕ್ಕ. ಇಂಜಿನಿಯರು ಬಂದು ನೋಡಿ ತಬ್ಬಿಬ್ಬಾದ.

"ಅಧ್ಯಕ್ಷರು ಯಾರ್ರಿ ಇದರಾಗ?"

"ಇವತ್ತೊಂದ ದಿನ ಇಬ್ಬರೂ," ಎಂದಳು ದೊಡ್ಡವ್ವ. "ಮಾತು ಇಕೀದು, ಸಹಿ ನಂದು. ನೀವು ಇಕಿ ಕೂಡ ಮಾತಾಡ್ರಿ."

ಸೊಸೆ ಮೊದಮೊದಲು ತಡವರಿಸಿದಳು. ಆಮೇಲೆ ತನ್ನ ಊರಿನ ಹೊಲಗಳ ವಿಷಯ ಬಂದಾಗ ದನಿ ಬಂತು. ಕೊಳವೆ ಹಾಯಬೇಕಾದದ್ದು ಹಳ್ಳದಾಚೆಯ ಹೊಲಗಳ ಬದುವಿನಲ್ಲೇ. ನಮ್ಮ ಊರಿನ ಅಧ್ಯಕ್ಷೆ ಕೇಳಿದ್ದರೆ ಅವರು ಬದು ಕೊಡುತ್ತಿದ್ದರೋ ಇಲ್ಲವೋ. ಕೇಳಿದ್ದು ಅವರದೇ ಸೊಸೆ. ಅವಳ ಮಾವ ತಾನೇ ಮುಂದೆ ನಡೆದು ಇಂಜಿನಿಯರಿಗೆ ದಾರಿ ತೋರಿಸಿದ. ಸಂಜೆ ನಮ್ಮೂರಿನ ಬನ್ನಿಯಾಯಿತು. ಅದಾದ ಮೇಲೆ ದೊಡ್ಡವ್ವ ರಾಜೀನಾಮೆ ಬರೆಸಿ ಗದಗಿಗೆ ಕಳಿಸಿದಳು.

ರಾಜೀನಾಮೆ ಕೊಟ್ಟ ತಕ್ಷಣ ಊರ್ಜಿತವಾಗುವುದಿಲ್ಲ. ಮನಸ್ಸು ಬದಲಿಸಿದರೆ ಹಿಂದಕ್ಕೆ ಪಡೆಯಲು ಕೆಲವು ದಿನಗಳ ಅವಕಾಶ ಇರುತ್ತದೆ. ಕಾನೂನು ಬರೆದವರು ಮನುಷ್ಯರನ್ನು ಬಲ್ಲವರು ಎಂದು ನನಗೆ ಯಾವಾಗಲೂ ಅನಿಸಿದೆ. ಆ ದಿನಗಳಲ್ಲಿ ನಮ್ಮ ಗುಂಪಿನವರು ಬಂದು ಬಂದು ಹೋದರು. ಕೊಳವೆಯ ಜಾಗ ಗುರುತಾಗಿದೆ, ಇನ್ನು ಕೆರೆ ನಿನ್ನದೇ, ವಾಪಸು ತಗೋ ಎಂದರು. ದೊಡ್ಡವ್ವನ ಮಗಳು, ನನ್ನ ಅಕ್ಕ, ಆಗ ಹಬ್ಬಕ್ಕೆ ತವರಿಗೆ ಬಂದವಳು ಅಲ್ಲೇ ಇದ್ದಳು. ಅವ್ವ ಆ ದಿನಗಳಲ್ಲಿ ಸರಿಯಾಗಿ ಉಣ್ಣಲಿಲ್ಲ ಎನ್ನುತ್ತಾಳೆ. ಕೆರೆಯ ದಂಡೆಗೆ ಹೋಗಿ ಸುಮ್ಮನೆ ಕೂತು ಬರುತ್ತಿದ್ದಳಂತೆ. ಒಮ್ಮೆ ಮುಖಂಡ ಬಹಳ ಒತ್ತಾಯ ಮಾಡಿದಾಗ ಒಂದೇ ಮಾತು ಕೇಳಿದಳಂತೆ:

"ಕೊಟ್ಟ ಬನ್ನಿ ವಾಪಸ್ ಇಸಗೊಂಡವ್ರು ಯಾರರ ಅದಾರೇನು ನಿಮ್ಮ ಮನ್ಯಾಗ?"

ಇಷ್ಟಕ್ಕೆ ಮುಗಿಯಲಿಲ್ಲ. ಹೊಸ ಅಧ್ಯಕ್ಷೆಯನ್ನು ಸದಸ್ಯರು ಆರಿಸಬೇಕು, ಸದಸ್ಯರು ನಮ್ಮೂರಿನವರೇ ಹೆಚ್ಚು. ಅವರು ಬೇರೆ ಯಾರನ್ನಾದರೂ ನಿಲ್ಲಿಸಿದ್ದರೆ ದೊಡ್ಡವ್ವ ಮಾತು ಉಳಿಸಿಕೊಂಡಂತೆಯೂ ಆಗುತ್ತಿತ್ತು, ಕುರ್ಚಿ ಹಳ್ಳ ದಾಟುತ್ತಲೂ ಇರಲಿಲ್ಲ. ಆ ಜಾಣತನವನ್ನು ಅವಳಿಗೆ ಸೂಚಿಸಿದವರೂ ಇದ್ದರು. ಅವಳು ನಮ್ಮ ಗುಂಪಿನ ಒಬ್ಬೊಬ್ಬ ಸದಸ್ಯರ ಮನೆಗೂ ಹೋಗಿ ಪಡಸಾಲೆಯಲ್ಲಿ ಕೂತಳು. ಬೈದಳೋ, ಬೇಡಿಕೊಂಡಳೋ, ಎರಡೂ ಬಗೆಯ ಕಥೆ ಕೇಳಿದ್ದೇನೆ. ಅವಳನ್ನು ಬಲ್ಲವನಾಗಿ ಬೈದಳೆಂದೇ ನಂಬುತ್ತೇನೆ. ಹಳ್ಳದಾಚೆಯ ಸೊಸೆ ಅವಿರೋಧವಾಗಿ ಅಧ್ಯಕ್ಷೆಯಾದಳು. ಅವಳ ಅವಧಿಯಲ್ಲೇ ಕೆರೆಗೆ ನೀರು ಬಂತು. ದಂಡೆಯ ಕಲ್ಲಿನ ಮೇಲೆ ಇರುವುದು ಅವಳ ಹೆಸರು. ಕಲ್ಲು ನಿಲ್ಲಿಸಿದ ದಿನ ದೊಡ್ಡವ್ವ ಮೊಣಕಾಲು ನೋವೆಂದು ಮನೆಯಲ್ಲೇ ಉಳಿದಳು. ಅವತ್ತೇ ಮಧ್ಯಾಹ್ನ ಹೊಲಕ್ಕೆ ನಡೆದು ಹೋಗಿದ್ದಳು ಎಂದು ಅಕ್ಕ ಹೇಳುತ್ತಾಳೆ.

ಈಗ ನನ್ನ ಸಂಶಯಕ್ಕೆ ಬರುತ್ತೇನೆ. ಈಚೆಗೆ ಅಕ್ಕನ ಮನೆಯಲ್ಲಿ ಈ ಕಥೆ ಹೇಳುತ್ತಿದ್ದಾಗ ಅವಳು ನಡುವೆ ಬಾಯಿ ಹಾಕಿದಳು.

"ನೀ ಎಲ್ಲಿದ್ದಿಯೋ ತಮ್ಮಾ ಅವತ್ತ? ಖಂಡೇ ಪೂಜಿ ಮುಗಿಸಿಕೊಂಡು, ಬನ್ನಿ ಹಿಂದಿನ ದಿನಾನ ಧಾರವಾಡದ ಬಸ್ ಹತ್ತಿದ್ದಿ. ಇದೆಲ್ಲ ನಾ ನಿನಗ ಫೋನಿನ್ಯಾಗ ಹೇಳಿದ್ದು."

ನಾನು ವಾದ ಮಾಡಿದೆ. ಟ್ರೇಲರಿನ ಕಂಬಿ, ಗದ್ದ ಹಿಡಿದದ್ದು, ಸಿಪಾಯಿ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಬಾಗಿಲಲ್ಲಿ ಬಗ್ಗಿದ್ದು, ಇಷ್ಟೆಲ್ಲ ಕಂಡದ್ದು ಸುಳ್ಳೇ? ಅವಳು ನಕ್ಕಳು. ಕಂಡವರಿಗಿಂತ ಕೇಳಿದವರಿಗೇ ಹೆಚ್ಚು ಕಾಣುತ್ತದೆ ಎಂಬುದು ನಾನು ವಿದ್ಯಾರ್ಥಿಗಳಿಗೆ ಎಚ್ಚರಿಸುತ್ತಿದ್ದ ಸಂಗತಿಯೇ. ಮನಸ್ಸು ತಡೆಯದೆ ಪಂಚಾಯತಿ ಕಚೇರಿಗೆ ಹೋದೆ. ಹೊಸ ಕಟ್ಟಡ, ಕಂಪ್ಯೂಟರು, ಪಿಡಿಓ ಸಾಹೇಬರ ಗಾಜಿನ ಮೇಜು. ಅಧ್ಯಕ್ಷರ ಕೋಣೆಯಲ್ಲಿ ತಿರುಗುವ ಕುರ್ಚಿಯ ಪಕ್ಕ ಸಾಗವಾನಿಯ ಒಂದು ಹಳೆಯ ಕುರ್ಚಿ. ಬಲಗೈಯ ಹಲಗೆಯ ಮೇಲೆ ಮಾಸಿದ ಉಂಗುರ. ಇದು ಯಾರದು ಎಂದು ಕೇಳಿದೆ. ಮೊದಲಿನಿಂದಲೂ ಇದೆ, ಮುಂದಿನ ಪಾಳಿಯವರು ಕೂರುವ ಕುರ್ಚಿ ಎಂದರು. ಈಗಲೂ ಅರ್ಧ ಅವಧಿಯ ಒಪ್ಪಂದ ನಡೆಯುತ್ತದೆ, ಒಬ್ಬರ ಪಾಳಿ ಮುಗಿಯುವ ಮುಂಚೆಯೇ ಮುಂದಿನವರು ಆ ಕುರ್ಚಿಯಲ್ಲಿ ಕೂತು ಕೆಲಸ ನೋಡುತ್ತಾರೆ, ಬಿಡುವವರೇ ಹಳ್ಳ ದಾಟಿ ಬನ್ನಿ ತಗೊಳ್ಳಲು ಹೋಗುತ್ತಾರೆ. ಇದು ಹಳೆಯ ಕಾಲದ ಪದ್ಧತಿ ಎಂದು ಅವರು ನಂಬಿದ್ದರು. ನಾನು ತಿದ್ದಲಿಲ್ಲ. ನಾಡಿನ ಎಷ್ಟೋ ಪಂಚಾಯತಿಗಳಲ್ಲಿ ಇದೇ ಒಪ್ಪಂದ ಮುರಿದು ಜಗಳ, ಕೋರ್ಟು ಆಗುವುದನ್ನು ಬಲ್ಲೆ. ಇಲ್ಲಿ ಅದು ಮುರಿಯದೆ ನಡೆದಿದೆ. ನನ್ನ ನೆನಪು ಸುಳ್ಳಿರಬಹುದು, ಕುರ್ಚಿ ಸುಳ್ಳಲ್ಲ.

ಕಳೆದ ದಸರೆಗೆ ಊರಿಗೆ ಹೋಗಿದ್ದೆ. ಮತ್ತೆ ಪಂಚಾಂಗ ಬೇರೆಯಾದ ವರ್ಷ. ಆಚೆಯ ಬನ್ನಿಗೆ ದೊಡ್ಡವ್ವನನ್ನು ಕಾರಿನಲ್ಲಿ ಕರೆದುಕೊಂಡು ಹೋದೆ. ಯಾವ ವರ್ಷವೂ ಅವಳು ಅದನ್ನು ತಪ್ಪಿಸುವುದಿಲ್ಲ. ಈಗ ಹಳ್ಳಕ್ಕೆ ಸೇತುವೆ ಇದೆ.

"ಅವತ್ತೂ ನೀನ ಟ್ರ್ಯಾಕ್ಟರ್ ಹೊಡದಿದ್ದಿ," ಎಂದಳು ದಾರಿಯಲ್ಲಿ.

ನನಗೆ ಟ್ರ್ಯಾಕ್ಟರ್ ಹೊಡೆಯಲು ಇವತ್ತಿಗೂ ಬರುವುದಿಲ್ಲ. ಹಾಗೆಂದು ಹೇಳಿದೆ. "ಹಂಗಾರ ಮತ್ಯಾರು ಹೊಡದ್ರು?" ಎಂದು ನನ್ನನ್ನೇ ಕೇಳಿದಳು.

ಆ ಸೊಸೆ ಈಗ ಸೊಸೆಯಂದಿರನ್ನು ಕಂಡವಳು, ತಲೆ ಅರ್ಧ ಬೆಳ್ಳಗಾಗಿದೆ. ನನ್ನ ಸಂಶಯವನ್ನು ಅವಳ ಮುಂದಿಟ್ಟೆ.

"ಟ್ರ್ಯಾಕ್ಟರ್ ಎಲ್ಲೀದ್ರಿ?" ಎಂದಳು ದೊಡ್ಡವ್ವನ ಕಡೆ ಕೈ ಮಾಡಿ. "ಅಕ್ಕಾರು ನಡಕೋತ ಬಂದಿದ್ರು. ಕಾಲೆಲ್ಲ ಕೆಸರಾಗಿತ್ತು. ನೀರ ಕೊಟ್ಟಾಕಿ ನಾನ."

ಮೂವರದು ಮೂರು ನೆನಪು. ಅವಳು ಬಂದಳು ಎಂಬುದರಲ್ಲಿ ಮಾತ್ರ ಯಾರಿಗೂ ಅನುಮಾನವಿಲ್ಲ.

ಬನ್ನಿ ಕೊಟ್ಟು ತಗೊಂಡಾಯಿತು. ಚಹಾ ಬಂತು. ನಾನು ಬಹುದಿನದಿಂದ ಕೇಳಬೇಕೆಂದಿದ್ದನ್ನು ಆಗ ದೊಡ್ಡವ್ವನನ್ನು ಕೇಳಿದೆ: ಕುರ್ಚಿಯನ್ನು ಮಾತು ಉಳಿಸಬೇಕೆಂದು ಬಿಟ್ಟೆಯೋ, ಕೊಳವೆಗೆ ಬದು ಸಿಗಲೆಂದು ಬಿಟ್ಟೆಯೋ?

"ಎರಡೂ," ಎಂದಳು ದೊಡ್ಡವ್ವ ತಡಮಾಡದೆ. "ಯಾಕ, ಒಂದ ಇರಬೇಕೇನು? ಮಾತ ತಪ್ಪಿದ್ರ ನೀರ ಬರ್ತಿತ್ತೇನು ನಿಮ್ಮಪ್ಪನ ಮನಿಗೆ?" ಆಮೇಲೆ ಲೋಟ ಕೆಳಗಿಟ್ಟು ಪಕ್ಕದವಳ ಕಡೆ ತಿರುಗಿದಳು. "ಇಕಿ ಮಾತ್ರ ಕಲ್ಲಿನ ಮ್ಯಾಲೆ ತನ್ನ ಹೆಸರ ಎಷ್ಟ ದೊಡ್ಡದು ಕೊರಿಸ್ಯಾಳ ನೋಡು. ಬಸ್ಸಿನ್ಯಾಗ ಕುಂತ್ರೂ ಕಾಣತೈತಿ."

"ನಿಮ್ಮ ಹೆಸರೂ ಹಾಕಸ್ತೀನಂತ ಕೇಳಿದ್ನೆಲ್ರೀ ಅಕ್ಕಾರ. ನೀವ ಬ್ಯಾಡಂದ್ರಿ."

"ಹೌದು, ಬ್ಯಾಡಂದೆ," ಎಂದಳು ದೊಡ್ಡವ್ವ. ಕೈಯಲ್ಲಿದ್ದ ಬನ್ನಿ ಎಲೆಯನ್ನು ಸೆರಗಿನ ತುದಿಗೆ ಗಂಟು ಹಾಕುತ್ತಿದ್ದಳು. "ಇನ್ನೊಂದ ಸಲ ಕೇಳಬೇಕಿಲ್ಲೋ?"